ಒಂದು ಆಟ, ಎಷ್ಟು ಬಾಗಿಲು? ಮೈಕ್ರೋಸಾಫ್ಟ್–ಆಕ್ಟಿವಿಷನ್ ಪ್ರಕರಣ: ಪಾರ್ಕ್ ರಾಯಲ್‌ನಿಂದ ಒಂದು ಪಾಠ



ಪಾರ್ಕ್ ರಾಯಲ್ ಪಕ್ಕದ ನಾರ್ತ್ ಆಕ್ಟನ್‌ನಲ್ಲಿ ವಿದ್ಯಾರ್ಥಿಗಳ ಎತ್ತರದ ವಸತಿ ಕಟ್ಟಡಗಳಿರೋದು ನಿಮ್ಮಲ್ಲಿ ಹಲವರಿಗೆ ಗೊತ್ತು. ಅಂಥದ್ದೊಂದು ಕಟ್ಟಡದಲ್ಲಿ ನಾವು ಆರು ಜನ ಒಂದೇ ಅಡುಗೆಮನೆ ಹಂಚಿಕೊಂಡಿದ್ದೇವೆ. ಒಬ್ಬನ ಹತ್ರ ಪ್ಲೇಸ್ಟೇಷನ್ ಇದೆ. ಇನ್ನೊಬ್ಬಳ ಹತ್ರ ಎಕ್ಸ್‌ಬಾಕ್ಸ್. ನನ್ನ ಹತ್ರ ಇರೋದು ಹಳೇ ಲ್ಯಾಪ್‌ಟಾಪ್. ಊರಲ್ಲಿರೋ ನನ್ನ ತಮ್ಮನ ಹತ್ರ ಬರೀ ಒಂದು ಫೋನ್. ಭಾನುವಾರ ಅನ್ನ ಸಾರು ಮುಗಿಸಿ ಕೂತಾಗ ಒಂದೇ ಪ್ರಶ್ನೆ ಬರುತ್ತೆ: "ಎಲ್ಲರೂ ಸೇರಿ ಆಡೋಕಾಗೋ ಆಟ ಯಾವುದು?"

ಇದು ಹುಡುಗಾಟದ ಪ್ರಶ್ನೆ ಅನ್ನಿಸಬಹುದು. ಆದರೆ ಇದೇ ಪ್ರಶ್ನೆಯ ಮೇಲೆ ಲಂಡನ್, ಬ್ರಸೆಲ್ಸ್ ಮತ್ತು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸುಮಾರು ಎರಡು ವರ್ಷ ವಾದ ನಡೆಯಿತು. ಪಣದಲ್ಲಿದ್ದ ಮೊತ್ತ 68.7 ಶತಕೋಟಿ ಡಾಲರ್. ನಮ್ಮ ಬಳಗದಲ್ಲಿ ಕಾನೂನು, ಅರ್ಥಶಾಸ್ತ್ರ, ಮ್ಯಾನೇಜ್‌ಮೆಂಟ್, ಕಂಪ್ಯೂಟರ್ ಸೈನ್ಸ್ ಓದುವವರೇ ಹೆಚ್ಚು. ನಾಲ್ಕೂ ಕೋರ್ಸುಗಳಲ್ಲಿ ಈ ಪ್ರಕರಣ ಒಂದಲ್ಲ ಒಂದು ರೂಪದಲ್ಲಿ ಬಂದೇ ಬರುತ್ತೆ. ಹಾಗಾಗಿ ಈ ಸಲ ಇದನ್ನೇ ಕನ್ನಡದಲ್ಲಿ, ಹೆಜ್ಜೆ ಹೆಜ್ಜೆಯಾಗಿ ಓದೋಣ.

1. ಮೊದಲು ಪದಗಳು

ಎಕ್ಸ್‌ಕ್ಲೂಸಿವ್ ಅಂದರೆ ಒಂದು ಆಟ ಒಂದೇ ಯಂತ್ರದಲ್ಲಿ ಅಥವಾ ಒಂದೇ ಸೇವೆಯಲ್ಲಿ ಮಾತ್ರ ಸಿಗುವುದು. ಇದರಲ್ಲಿ ಮೂರು ಬಗೆ ಇವೆ. ಮೊದಲನೆಯದು, ಕನ್ಸೋಲ್ ಕಂಪನಿ ತನ್ನದೇ ಸ್ಟುಡಿಯೋದಲ್ಲಿ ಮಾಡಿಸಿ ತನ್ನ ಯಂತ್ರಕ್ಕೇ ಇಟ್ಟುಕೊಳ್ಳುವ ಆಟ. ಎರಡನೆಯದು, ಬೇರೆಯವರು ಮಾಡಿದ ಆಟವನ್ನು ಒಪ್ಪಂದ ಮಾಡಿಕೊಂಡು ಒಂದಷ್ಟು ಕಾಲ ತನ್ನಲ್ಲಿ ಮಾತ್ರ ಇರುವಂತೆ ನೋಡಿಕೊಳ್ಳುವುದು. 2023ರಲ್ಲಿ ಫೈನಲ್ ಫ್ಯಾಂಟಸಿ 16 ಬಂದಾಗ ಅದು ಪ್ಲೇಸ್ಟೇಷನ್ 5ರಲ್ಲಿ ಮಾತ್ರ ಸಿಗುತ್ತಿತ್ತು. ಮೂರನೆಯದು ಇನ್ನೂ ಸೂಕ್ಷ್ಮ. ಆಟ ಎಲ್ಲ ಕಡೆ ಸಿಗುತ್ತೆ, ಆದರೆ ಕೆಲವು ಭಾಗ, ಕೆಲವು ಸೌಲಭ್ಯ ಒಂದು ಕಡೆ ಮಾತ್ರ ಅಥವಾ ಒಂದು ಕಡೆ ಮೊದಲು.

ಈ ಮೂರರಲ್ಲಿ ಯಾವುದೂ ತನ್ನಷ್ಟಕ್ಕೆ ಅಪರಾಧ ಅಲ್ಲ. ಇದು ಪರೀಕ್ಷೆಯಲ್ಲಿ ತುಂಬಾ ಜನ ತಪ್ಪು ಮಾಡುವ ಜಾಗ. ಎಕ್ಸ್‌ಕ್ಲೂಸಿವ್ ಆಟಕ್ಕೋಸ್ಕರ ಹಣ ಹೂಡಿ ಒಳ್ಳೆಯ ಆಟ ಮಾಡಿಸಿದರೆ ಅದೂ ಸ್ಪರ್ಧೆಯೇ. ಈಗಾಗಲೇ ಎಲ್ಲ ಬಾಗಿಲಲ್ಲೂ ಸಿಗುತ್ತಿದ್ದ ಒಂದು ದೊಡ್ಡ ಆಟವನ್ನು, ಅದರ ಮಾಲೀಕ ಕಂಪನಿಯನ್ನೇ ಕೊಂಡು, ಉಳಿದ ಬಾಗಿಲುಗಳನ್ನು ಮುಚ್ಚಿದರೆ ಏನು ಅನ್ನೋದು ಬೇರೆ ಪ್ರಶ್ನೆ. ನಿಯಂತ್ರಕರು ಕೇಳಿದ್ದು ಈ ಎರಡನೇ ಪ್ರಶ್ನೆಯನ್ನು.

2. ನಮ್ಮ ಬೀದಿಯ ಹಳೇ ಉದಾಹರಣೆ

ಈ ಪ್ರಶ್ನೆಯನ್ನು ಅರ್ಥ ಮಾಡಿಕೊಳ್ಳೋಕೆ ಪಾರ್ಕ್ ರಾಯಲ್‌ಗಿಂತ ಒಳ್ಳೇ ಜಾಗ ಇಲ್ಲ. 1903ರಿಂದ 1905ರವರೆಗೆ ರಾಯಲ್ ಅಗ್ರಿಕಲ್ಚರಲ್ ಸೊಸೈಟಿ ಇಲ್ಲಿ ಕೃಷಿ ಮೇಳ ನಡೆಸಿತ್ತು. ಊರಿನ ಹೆಸರಲ್ಲಿರೋ 'ರಾಯಲ್' ಬಂದಿದ್ದು ಅಲ್ಲಿಂದ. ಮುಂದೆ ಇದು ಕೈಗಾರಿಕಾ ಪ್ರದೇಶವಾಯಿತು. 1936ರಲ್ಲಿ ವೆಸ್ಟರ್ನ್ ಅವೆನ್ಯೂ ಪಕ್ಕ ಗಿನ್ನೆಸ್ ಬಿಯರ್ ಕಾರ್ಖಾನೆ ಶುರುವಾಗಿ 2005ರವರೆಗೂ ನಡೆಯಿತು.

ಆ ಕಾಲದ ಬ್ರಿಟನ್ನಿನಲ್ಲಿ ದೊಡ್ಡ ಬಿಯರ್ ಕಂಪನಿಗಳೇ ಸಾವಿರಾರು ಪಬ್‌ಗಳ ಒಡೆಯರಾಗಿದ್ದವು. ಒಂದು ಕಂಪನಿಯ ಪಬ್‌ನಲ್ಲಿ ಮುಖ್ಯವಾಗಿ ಆ ಕಂಪನಿಯ ಬಿಯರೇ ಸಿಗಬೇಕು. ಇದಕ್ಕೆ 'ಟೈ' ಅನ್ನುತ್ತಿದ್ದರು. ಅಂದರೆ ಪಬ್ಬು ಕನ್ಸೋಲ್ ಇದ್ದ ಹಾಗೆ, ಬಿಯರು ಗೇಮ್ ಇದ್ದ ಹಾಗೆ. ಗಿನ್ನೆಸ್ ಮಾತ್ರ ಬೇರೆ ಥರ. ಅದಕ್ಕೆ ತನ್ನದೇ ಪಬ್‌ಗಳ ಜಾಲ ಇರಲಿಲ್ಲ. ಪಾರ್ಕ್ ರಾಯಲ್‌ನಲ್ಲಿ ತಯಾರಾಗಿ ಎಲ್ಲರ ಪಬ್‌ಗಳಲ್ಲೂ ಮಾರಾಟವಾಗುತ್ತಿತ್ತು. ಕುಡಿಯೋರು ಕೇಳಿ ಪಡೆಯುತ್ತಿದ್ದರಿಂದ ಯಾವ ಒಡೆಯನಿಗೂ ಅದನ್ನು ಬಿಡೋಕೆ ಆಗ್ತಿರಲಿಲ್ಲ.

ಈಗ ಊಹಿಸಿ: ಸಾವಿರಾರು ಪಬ್ ಇರುವ ಕಂಪನಿಯೊಂದು ಗಿನ್ನೆಸ್ಸನ್ನು ಕೊಂಡು ಬಿಟ್ಟಿದ್ದರೆ? ಮಾರನೇ ದಿನ ಉಳಿದ ಪಬ್‌ಗಳಿಗೆ ಪೀಪಾಯಿ ಕಳಿಸೋದು ನಿಲ್ಲಿಸ್ತಿತ್ತಾ, ಅಥವಾ ಎಲ್ಲರಿಗೂ ಮಾರಿ ದುಡ್ಡು ಮಾಡ್ಕೊಳ್ತಿತ್ತಾ? ಮೈಕ್ರೋಸಾಫ್ಟ್–ಆಕ್ಟಿವಿಷನ್ ಪ್ರಕರಣದ ತಿರುಳು ಇಷ್ಟೇ. ಆಕ್ಟಿವಿಷನ್‌ಗೆ ಸ್ವಂತ ಕನ್ಸೋಲ್ ಇರಲಿಲ್ಲ, ಎಲ್ಲರ ಕನ್ಸೋಲಿನಲ್ಲೂ ಆಟ ಇತ್ತು. ಮೈಕ್ರೋಸಾಫ್ಟ್ ಬಳಿ ಕನ್ಸೋಲ್ ಇತ್ತು.

ಬಿಯರ್ ಕಥೆಗೆ ಒಂದು ಬಾಲ ಇದೆ, ಅದನ್ನು ಕೊನೆಗೆ ಹೇಳ್ತೀನಿ. ನೆನಪಿಟ್ಟುಕೊಳ್ಳಿ.

3. ನಡೆದದ್ದೇನು?

2022ರ ಜನವರಿ 18ರಂದು ಮೈಕ್ರೋಸಾಫ್ಟ್, ಆಕ್ಟಿವಿಷನ್ ಬ್ಲಿಝಾರ್ಡ್ ಕಂಪನಿಯನ್ನು ಕೊಳ್ಳುವುದಾಗಿ ಘೋಷಿಸಿತು. ಷೇರಿಗೆ 95 ಡಾಲರ್, ಪೂರ್ತಿ ನಗದು. ಕಾಲ್ ಆಫ್ ಡ್ಯೂಟಿ, ವರ್ಲ್ಡ್ ಆಫ್ ವಾರ್‌ಕ್ರಾಫ್ಟ್, ಡಯಾಬ್ಲೋ, ಓವರ್‌ವಾಚ್ ಜೊತೆಗೆ ನಮ್ಮ ಅಮ್ಮಂದಿರೂ ಆಡುವ ಕ್ಯಾಂಡಿ ಕ್ರಷ್ ಕೂಡ ಈ ಗಂಟಿನಲ್ಲಿತ್ತು. ಮೈಕ್ರೋಸಾಫ್ಟ್‌ನ ಮುಖ್ಯಸ್ಥ ಸತ್ಯ ನಾದೆಲ್ಲಾ ಇಂಜಿನಿಯರಿಂಗ್ ಓದಿದ್ದು ನಮ್ಮ ಮಣಿಪಾಲದಲ್ಲಿ. ಹಾಗಾಗಿ ಕರಾವಳಿಯವರು ಈ ಸುದ್ದಿಯನ್ನು ಸ್ವಲ್ಪ ಹೆಚ್ಚೇ ಆಸಕ್ತಿಯಿಂದ ಓದಿರಬೇಕು.

ಅನುಮಾನಕ್ಕೆ ಹಿಂದಿನ ಒಂದು ಕಾರಣ ಇತ್ತು. ಅದಕ್ಕೂ ಮೊದಲು ಮೈಕ್ರೋಸಾಫ್ಟ್ 7.5 ಶತಕೋಟಿ ಡಾಲರಿಗೆ ಬೆಥೆಸ್ಡಾದ ಮಾತೃಸಂಸ್ಥೆ ಝೆನಿಮ್ಯಾಕ್ಸನ್ನು ಕೊಂಡಿತ್ತು. ಆಮೇಲೆ ಬಂದ ಸ್ಟಾರ್‌ಫೀಲ್ಡ್ ಎಕ್ಸ್‌ಬಾಕ್ಸ್ ಮತ್ತು ಪಿಸಿಗೆ ಮಾತ್ರ ಬಂತು. "ಆಗ ಹಾಗೆ ಮಾಡಿದವರು ಈಗ ಕಾಲ್ ಆಫ್ ಡ್ಯೂಟಿಗೂ ಹಾಗೇ ಮಾಡಲ್ವಾ?" ಅನ್ನೋದು ಎದುರಾಳಿ ಸೋನಿಯ ವಾದ.

ಬ್ರಿಟನ್ನಿನಲ್ಲಿ ಇದನ್ನು ನೋಡುವ ಸಂಸ್ಥೆ ಸ್ಪರ್ಧೆ ಮತ್ತು ಮಾರುಕಟ್ಟೆ ಪ್ರಾಧಿಕಾರ, ಎಲ್ಲರೂ ಕರೆಯೋದು ಸಿಎಂಎ ಅಂತ. 2014ರ ಏಪ್ರಿಲ್‌ನಿಂದ ಕೆಲಸ ಮಾಡ್ತಿದೆ. ಕಚೇರಿ ಕ್ಯಾನರಿ ವಾರ್ಫ್‌ನಲ್ಲಿ, ಅಂದರೆ ನಮ್ಮಿಂದ ಊರಿನ ಇನ್ನೊಂದು ತುದಿಯಲ್ಲಿ. ಅದರ ತನಿಖೆಗೆ ಎರಡು ಹಂತ. ಮೊದಲ ಹಂತಕ್ಕೆ 40 ಕೆಲಸದ ದಿನ. ಅನುಮಾನ ಉಳಿದರೆ ಎರಡನೇ ಹಂತ, ಅದಕ್ಕೆ 24 ವಾರ, ಬೇಕಾದರೆ ಇನ್ನೂ 8 ವಾರ. ಕೇಳುವ ಪ್ರಶ್ನೆ ಒಂದೇ: ಈ ಖರೀದಿಯಿಂದ ಸ್ಪರ್ಧೆ ಗಣನೀಯವಾಗಿ ಕುಗ್ಗುತ್ತದೆಯೇ? ಇದು 2002ರ ಎಂಟರ್‌ಪ್ರೈಸ್ ಕಾಯ್ದೆಯಲ್ಲಿರುವ ಅಳತೆಗೋಲು.

ಮುಖ್ಯ ದಿನಾಂಕಗಳನ್ನು ಒಂದೇ ಕಡೆ ಕೊಡ್ತೀನಿ, ನೋಟ್ಸಿಗೆ ಉಪಯೋಗವಾಗುತ್ತೆ:

2022 ಸೆಪ್ಟೆಂಬರ್ – ಸಿಎಂಎ ಎರಡನೇ ಹಂತದ ತನಿಖೆಗೆ ಒಪ್ಪಿಸಿತು.
2022 ಡಿಸೆಂಬರ್ 8 – ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ತಡೆ ಕೋರಿ ದಾವೆ ಹೂಡಿತು.
2023 ಫೆಬ್ರವರಿ 8 – ಸಿಎಂಎಯ ತಾತ್ಕಾಲಿಕ ತೀರ್ಮಾನ: ಕನ್ಸೋಲ್, ಕ್ಲೌಡ್ ಎರಡರಲ್ಲೂ ತೊಂದರೆ ಇದೆ.
2023 ಮಾರ್ಚ್ 24 – ಕನ್ಸೋಲ್ ಬಗೆಗಿನ ಆತಂಕವನ್ನು ಸಿಎಂಎ ಕೈಬಿಟ್ಟಿತು.
2023 ಏಪ್ರಿಲ್ 26 – ಕ್ಲೌಡ್ ಕಾರಣಕ್ಕೆ ಖರೀದಿಗೆ ನಿಷೇಧ.
2023 ಮೇ 15 – ಯುರೋಪಿಯನ್ ಕಮಿಷನ್ ಷರತ್ತಿನ ಮೇಲೆ ಒಪ್ಪಿಗೆ ಕೊಟ್ಟಿತು.
2023 ಜುಲೈ – ಸ್ಯಾನ್ ಫ್ರಾನ್ಸಿಸ್ಕೋದ ನ್ಯಾಯಾಧೀಶೆ ಜಾಕ್ವೆಲಿನ್ ಸ್ಕಾಟ್ ಕಾರ್ಲಿ ತಡೆ ಕೊಡಲು ನಿರಾಕರಿಸಿದರು.
2023 ಆಗಸ್ಟ್ 22 – ಮೈಕ್ರೋಸಾಫ್ಟ್ ಸಿಎಂಎ ಮುಂದೆ ಬದಲಾದ ಒಪ್ಪಂದ ಇಟ್ಟಿತು.
2023 ಅಕ್ಟೋಬರ್ 13 – ಸಿಎಂಎ ಒಪ್ಪಿತು. ಅದೇ ದಿನ ಖರೀದಿ ಮುಗಿಯಿತು.

4. ಕನ್ಸೋಲ್ ಲೆಕ್ಕ: ಯಾಕೆ ಮನಸ್ಸು ಬದಲಾಯಿತು?

ಬಾಗಿಲು ಮುಚ್ಚುವ ಅಪಾಯವನ್ನು ಅಳೆಯೋಕೆ ಮೂರು ಮೆಟ್ಟಿಲು. ಒಂದು, ಮುಚ್ಚುವ ಶಕ್ತಿ ಇದೆಯಾ? ಎರಡು, ಮುಚ್ಚಿದರೆ ಲಾಭ ಇದೆಯಾ? ಮೂರು, ಮುಚ್ಚಿದರೆ ಒಟ್ಟು ಸ್ಪರ್ಧೆಗೆ ಪೆಟ್ಟು ಬೀಳುತ್ತಾ? ಮೂರೂ 'ಹೌದು' ಆದರೆ ಮಾತ್ರ ಪ್ರಕರಣ ನಿಲ್ಲುತ್ತೆ. ಎರಡನೇ ಮೆಟ್ಟಿಲನ್ನು ಒಂದು ಕಾಲ್ಪನಿಕ ಲೆಕ್ಕದಿಂದ ನೋಡೋಣ. ಕೆಳಗಿನ ಸಂಖ್ಯೆಗಳು ಪಾಠಕ್ಕೆ ನಾನು ಹಾಕಿಕೊಂಡಿದ್ದು.

ಪ್ಲೇಸ್ಟೇಷನ್‌ನಲ್ಲಿ 100 ಜನ ಒಂದು ಆಟ ಆಡ್ತಾರೆ ಅಂದ್ಕೊಳ್ಳಿ. ಒಬ್ಬೊಬ್ಬರಿಂದ ಆಟದ ಕಂಪನಿಗೆ ವರ್ಷಕ್ಕೆ 50 ಪೌಂಡ್ ಲಾಭ. ಈಗ ಆಟವನ್ನು ಪ್ಲೇಸ್ಟೇಷನ್‌ನಿಂದ ತೆಗೆದುಬಿಟ್ಟರು. ಆಟಕ್ಕೋಸ್ಕರ ಎಕ್ಸ್‌ಬಾಕ್ಸ್‌ಗೆ ಹೋದವರು ಆ 50 ಪೌಂಡನ್ನೂ ಕೊಡ್ತಾರೆ, ಬೇರೆ ಆಟ, ಚಂದಾ ಎಲ್ಲ ಸೇರಿ ವರ್ಷಕ್ಕೆ ಇನ್ನೂ 100 ಪೌಂಡ್ ಲಾಭ ತರ್ತಾರೆ. ಹೋಗದೇ ಉಳಿದವರಿಂದ 50 ಪೌಂಡ್ ನಷ್ಟ.

40 ಜನ ಹೋದರೆ ಲಾಭ 4,000, ನಷ್ಟ 3,000. ಬಾಗಿಲು ಮುಚ್ಚೋದು ಲಾಭದಾಯಕ. ಹತ್ತೇ ಜನ ಹೋದರೆ ಲಾಭ 1,000, ನಷ್ಟ 4,500. ಮುಚ್ಚೋದು ಮೂರ್ಖತನ. ಈ ಲೆಕ್ಕದಲ್ಲಿ ಗಡಿ ಇರೋದು ಮೂರರಲ್ಲಿ ಒಂದು ಪಾಲಿನ ಹತ್ತಿರ. 33 ಜನ ಹೋದರೆ ಇನ್ನೂ ನಷ್ಟ, 34 ಜನ ಹೋದರೆ ಲಾಭ.

ಈಗ ಒಂದು ಚಿಕ್ಕ ತಪ್ಪು ಮಾಡೋಣ. ಹತ್ತು ಜನ ಹೋದಾಗಿನ ಲಾಭವನ್ನು ಐದು ವರ್ಷಕ್ಕೆ ಎಣಿಸಿ: 5,000. ನಷ್ಟವನ್ನು ಒಂದೇ ವರ್ಷಕ್ಕೆ ಎಣಿಸಿ: 4,500. ಅರೆ, ಮುಚ್ಚೋದೇ ಲಾಭ ಅಂತ ಕಾಣ್ತಿದೆ! ನಷ್ಟವನ್ನೂ ಐದು ವರ್ಷಕ್ಕೆ ಎಣಿಸಿದರೆ 22,500 ಆಗ್ತಿತ್ತು. ತಾತ್ಕಾಲಿಕ ತೀರ್ಮಾನ ಹೊರಬಂದ ಮೇಲೆ ಮೈಕ್ರೋಸಾಫ್ಟ್ ಎತ್ತಿದ ಆಕ್ಷೇಪ ಇದೇ ಜಾತಿಯದ್ದು: ಲಾಭದ ಅವಧಿ ಬೇರೆ, ನಷ್ಟದ ಅವಧಿ ಬೇರೆ ಆಗಿದೆ ಅಂತ. ಸಿಎಂಎ ಹೊಸ ಮಾಹಿತಿ ತರಿಸಿಕೊಂಡು ಮತ್ತೆ ಲೆಕ್ಕ ಹಾಕಿತು. ಪ್ಲೇಸ್ಟೇಷನ್‌ನಿಂದ ಕಾಲ್ ಆಫ್ ಡ್ಯೂಟಿ ತೆಗೆದರೆ ಮೈಕ್ರೋಸಾಫ್ಟ್‌ಗೆ ದೊಡ್ಡ ನಷ್ಟವೇ ಆಗುತ್ತದೆ ಎಂದು ಕಂಡು, ಆ ಆತಂಕವನ್ನು ಬಹಿರಂಗವಾಗಿ ಕೈಬಿಟ್ಟಿತು.

ನನಗೆ ಈ ಪ್ರಕರಣದಲ್ಲಿ ತುಂಬಾ ಇಷ್ಟವಾದ ಭಾಗ ಇದು. ಒಂದು ಸರ್ಕಾರಿ ಸಂಸ್ಥೆ ತನ್ನ ಲೆಕ್ಕವನ್ನು ಪ್ರಕಟಿಸಿತು, ಟೀಕೆ ಕೇಳಿತು, ತಿದ್ದಿಕೊಂಡಿತು. ನಮ್ಮ ಡಿಸರ್ಟೇಷನ್ ಲೆಕ್ಕದಲ್ಲೂ ಇಂಥ ತಪ್ಪು ಆಗುತ್ತೆ. ಒಂದೇ ತಕ್ಕಡಿಯ ಎರಡು ತಟ್ಟೆಗೆ ಎರಡು ಬೇರೆ ಕಾಲಾವಧಿ ಹಾಕಬಾರದು.

5. ಕ್ಲೌಡ್ ಅಂದರೆ ಮೋಡ ಅಲ್ಲ

ಹಾಗಾದರೆ ಏಪ್ರಿಲ್‌ನಲ್ಲಿ ನಿಷೇಧ ಯಾಕೆ ಬಂತು? ಕ್ಲೌಡ್ ಗೇಮಿಂಗ್ ಕಾರಣಕ್ಕೆ.

ಕ್ಲೌಡ್ ಗೇಮಿಂಗ್‌ನಲ್ಲಿ ಆಟ ನಡೆಯೋದು ನಿಮ್ಮ ಯಂತ್ರದಲ್ಲಲ್ಲ. ದೂರದ ಡೇಟಾ ಸೆಂಟರ್‌ನಲ್ಲಿ ನಡೆಯುತ್ತೆ, ನಿಮಗೆ ಬರೋದು ಚಿತ್ರ ಮಾತ್ರ. ನೀವು ಒತ್ತಿದ ಗುಂಡಿ ಅಲ್ಲಿಗೆ ಹೋಗಿ, ಅದರ ಫಲ ಚಿತ್ರವಾಗಿ ವಾಪಸ್ ಬರಬೇಕು. ಕಣ್ಣಿಗೆ ಗೊತ್ತಾಗದಷ್ಟು ಬೇಗ ಬರಬೇಕಾದರೆ ಡೇಟಾ ಸೆಂಟರ್ ಹತ್ತಿರವೇ ಇರಬೇಕು. ಪಾರ್ಕ್ ರಾಯಲ್‌ನಲ್ಲಿ ಬೇಕರಿ, ಗೋದಾಮುಗಳ ನಡುವೆ ಕಿಟಕಿ ಇಲ್ಲದ ದೊಡ್ಡ ಕಟ್ಟಡಗಳನ್ನು ನೋಡಿರ್ತೀರಿ. ಅವುಗಳಲ್ಲಿ ಕೆಲವು ಡೇಟಾ ಸೆಂಟರ್‌ಗಳು. ಪಶ್ಚಿಮ ಲಂಡನ್ನಿನಲ್ಲಿ ಇವು ಎಷ್ಟು ಕರೆಂಟ್ ಕಾಯ್ದಿರಿಸಿದ್ದವೆಂದರೆ, 2022ರಲ್ಲಿ ಈಲಿಂಗ್, ಹಿಲಿಂಗ್ಡನ್, ಹೌನ್ಸ್ಲೋ ಭಾಗಗಳಲ್ಲಿ ಹೊಸ ದೊಡ್ಡ ವಸತಿ ಯೋಜನೆಗಳಿಗೆ ವಿದ್ಯುತ್ ಸಂಪರ್ಕ 2035ರವರೆಗೂ ತಡವಾಗಬಹುದು ಎಂಬ ಎಚ್ಚರಿಕೆ ಬಂದಿತ್ತು. 'ಮೋಡ' ಎಷ್ಟು ಭಾರ ಅನ್ನೋದು ಬಾಡಿಗೆ ಮನೆ ಹುಡುಕಿದ ನಮಗೆ ಗೊತ್ತು.

ಈ ಕಟ್ಟಡ, ಕರೆಂಟು, ಜಾಲ ಎಲ್ಲ ಇದ್ದವರು ಕೆಲವೇ ಕಂಪನಿಗಳು. ಮೈಕ್ರೋಸಾಫ್ಟ್ ಹತ್ರ ಅಝೂರ್ ಎಂಬ ಕ್ಲೌಡ್ ಜಾಲ, ವಿಂಡೋಸ್, ಎಕ್ಸ್‌ಬಾಕ್ಸ್ ಮೂರೂ ಇದ್ದವು. ಜಗತ್ತಿನ ಕ್ಲೌಡ್ ಗೇಮಿಂಗ್‌ನಲ್ಲಿ ಅದರ ಪಾಲು ಶೇ. 60ರಿಂದ 70 ಎಂದು ಸಿಎಂಎ ಅಂದಾಜು ಮಾಡಿತು. ಈ ಮಾರುಕಟ್ಟೆ 2026ರ ವೇಳೆಗೆ ಬ್ರಿಟನ್ನಿನಲ್ಲೇ 1 ಶತಕೋಟಿ ಪೌಂಡ್ ತನಕ ಬೆಳೆಯಬಹುದೆಂಬ ಮುನ್ಸೂಚನೆಯನ್ನೂ ಉಲ್ಲೇಖಿಸಿತು. ಇಂಥ ಎಳೆ ಮಾರುಕಟ್ಟೆಯಲ್ಲಿ ಕಾಲ್ ಆಫ್ ಡ್ಯೂಟಿಯಂಥ ಆಟವೂ ಅದರ ಕೈಗೇ ಹೋದರೆ ಬೇರೆಯವರು ತಲೆ ಎತ್ತೋದು ಹೇಗೆ?

ಎದುರು ವಾದವೂ ಗಟ್ಟಿಯಾಗಿತ್ತು. ಗೂಗಲ್‌ನಂಥ ದೈತ್ಯನ ಸ್ಟೇಡಿಯಾ ಸೇವೆಯೇ 2023ರ ಜನವರಿಯಲ್ಲಿ ಬಾಗಿಲು ಹಾಕಿತ್ತು. ಇನ್ನೂ ಹುಟ್ಟದ ಮಾರುಕಟ್ಟೆಗೋಸ್ಕರ ಇವತ್ತಿನ ವ್ಯವಹಾರ ತಡೆಯೋದು ಸರಿಯಾ? ನಿಷೇಧ ಬಂದಾಗ ಮೈಕ್ರೋಸಾಫ್ಟ್ ಅಧ್ಯಕ್ಷ ಬ್ರ್ಯಾಡ್ ಸ್ಮಿತ್, ಬ್ರಿಟನ್ನಿನಲ್ಲಿ ಕಂಪನಿಯ ನಾಲ್ಕು ದಶಕಗಳಲ್ಲೇ ಅತ್ಯಂತ ಕರಾಳ ದಿನ ಎಂಬರ್ಥದ ಮಾತಾಡಿದರು.

6. ಒಂದೇ ಕಾಯಿಲೆ, ಎರಡು ಔಷಧಿ

ಕ್ಲೌಡ್‌ನಲ್ಲಿ ತೊಂದರೆ ಇದೆ ಅನ್ನೋದನ್ನು ಬ್ರಸೆಲ್ಸ್ ಕೂಡ ಒಪ್ಪಿತು. ವ್ಯತ್ಯಾಸ ಔಷಧಿಯಲ್ಲಿತ್ತು. ಮೈಕ್ರೋಸಾಫ್ಟ್ ಹತ್ತು ವರ್ಷ ಎಲ್ಲ ಕ್ಲೌಡ್ ಸೇವೆಗಳಿಗೂ ಉಚಿತ ಪರವಾನಗಿ ಕೊಡ್ತೀನಿ ಅಂತ ಮಾತು ಕೊಟ್ಟಿತು. ಯುರೋಪಿಯನ್ ಕಮಿಷನ್ ಅದನ್ನು ಒಪ್ಪಿತು. ಹೀಗೆ ನಡೆದುಕೊಳ್ತೀವಿ ಎಂಬ ಮಾತಿನ ಮೇಲೆ ನಿಂತ ಪರಿಹಾರವನ್ನು ನಡವಳಿಕೆಯ ಪರಿಹಾರ ಅನ್ನೋಣ. ಸಿಎಂಎ ಒಪ್ಪಲಿಲ್ಲ. ಹತ್ತು ವರ್ಷ ಕಾವಲು ಕಾಯೋರು ಯಾರು, ಇವತ್ತಿನ ವ್ಯಾಪಾರದ ರೀತಿಯನ್ನೇ ಹತ್ತು ವರ್ಷಕ್ಕೆ ಗಟ್ಟಿ ಮಾಡಿದಂತಾಗಲ್ವಾ ಅನ್ನೋದು ಅದರ ವಾದ. ಅದಕ್ಕೆ ಬೇಕಿದ್ದದ್ದು ರಚನೆಯ ಪರಿಹಾರ, ಅಂದರೆ ಆಸ್ತಿಯೇ ಕೈ ಬದಲಾಗಬೇಕು.

ಕೊನೆಗೆ ಆದದ್ದು ಅದೇ. ಮುಂದಿನ 15 ವರ್ಷಗಳಲ್ಲಿ ಬರುವ ಆಟಗಳೂ ಸೇರಿ ಆಕ್ಟಿವಿಷನ್ ಆಟಗಳ ಕ್ಲೌಡ್ ಹಕ್ಕುಗಳನ್ನು ಯುರೋಪಿಯನ್ ಆರ್ಥಿಕ ವಲಯದ ಹೊರಗೆ ಫ್ರಾನ್ಸಿನ ಯೂಬಿಸಾಫ್ಟ್‌ಗೆ ಮಾರಲಾಯಿತು. ಆಮೇಲಷ್ಟೇ ಸಿಎಂಎ ಒಪ್ಪಿತು. ಅದರ ಮುಖ್ಯಸ್ಥೆ ಸಾರಾ ಕಾರ್ಡೆಲ್, ಮೈಕ್ರೋಸಾಫ್ಟ್ ಇದನ್ನು ಮೊದಲೇ ಕೊಡಬಹುದಿತ್ತು, ಕೊನೇವರೆಗೂ ಎಳೆದದ್ದು ಸರಿಯಲ್ಲ ಎಂಬ ಧಾಟಿಯಲ್ಲಿ ಕಟುವಾಗಿಯೇ ಹೇಳಿದರು.

ಅಮೆರಿಕದ ದಾರಿ ಬೇರೆ. ಅಲ್ಲಿ ತಡೆ ಬೇಕಾದರೆ ನಿಯಂತ್ರಕರು ಕೋರ್ಟಿಗೆ ಹೋಗಬೇಕು. 2023ರ ಜೂನ್‌ನಲ್ಲಿ ನಾದೆಲ್ಲಾ ಸಾಕ್ಷಿ ಹೇಳುವಾಗ, ತನಗೆ ಕನ್ಸೋಲ್ ಎಕ್ಸ್‌ಕ್ಲೂಸಿವ್‌ಗಳ ಮೇಲೆ ಪ್ರೀತಿಯೇನಿಲ್ಲ, ಆದರೆ ಮಾರುಕಟ್ಟೆಯ ದೊರೆ ಸೋನಿ ಆ ನಿಯಮ ಮಾಡಿಟ್ಟಿದೆ ಎಂದರು. ಕೋರ್ಟು ತಡೆ ಕೊಡಲಿಲ್ಲ. ತೀರ್ಪಿನ ಕೆಲವೇ ದಿನಗಳಲ್ಲಿ ಕಾಲ್ ಆಫ್ ಡ್ಯೂಟಿಯನ್ನು ಹತ್ತು ವರ್ಷ ಪ್ಲೇಸ್ಟೇಷನ್‌ನಲ್ಲಿ ಇಡುವ ಒಪ್ಪಂದಕ್ಕೆ ಸೋನಿ ಸಹಿ ಹಾಕಿತು. ನಿಂಟೆಂಡೊ ಜೊತೆ ಅಂಥದ್ದೇ ಒಪ್ಪಂದ ಫೆಬ್ರವರಿಯಲ್ಲೇ ಆಗಿತ್ತು. 2025ರ ಮೇ ತಿಂಗಳಲ್ಲಿ ಮೇಲ್ಮನವಿಯೂ ಬಿದ್ದು, ಅಮೆರಿಕದ ಪ್ರಕರಣ ಮುಗಿಯಿತು.

7. ಆಮೇಲೆ ಏನಾಯ್ತು?

ಪುಸ್ತಕಗಳು ಒಪ್ಪಿಗೆ ಸಿಕ್ಕ ದಿನಕ್ಕೆ ಪಾಠ ನಿಲ್ಲಿಸ್ತವೆ. ನಮಗೆ ಮುಖ್ಯವಾದದ್ದು ಅಲ್ಲಿಂದ ಶುರು.

ಎಲ್ಲರೂ ಹೆದರಿದ್ದು ಬಾಗಿಲು ಮುಚ್ಚುತ್ತೆ ಅಂತ. ಆದದ್ದು ಉಲ್ಟಾ. 2024ರಲ್ಲಿ ಮೈಕ್ರೋಸಾಫ್ಟ್ ಸೀ ಆಫ್ ಥೀವ್ಸ್ ಮುಂತಾದ ತನ್ನ ಆಟಗಳನ್ನು ಪ್ಲೇಸ್ಟೇಷನ್‌ಗೆ ಕೊಟ್ಟಿತು. 2025ರಲ್ಲಿ ಇಂಡಿಯಾನಾ ಜೋನ್ಸ್, ಫೋರ್ಝಾ ಹೊರೈಝನ್ 5, ಗೇರ್ಸ್ ಆಫ್ ವಾರ್ ಕೂಡ ಹೋದವು. ಎಕ್ಸ್‌ಬಾಕ್ಸ್‌ನ ಕುಲದೇವತೆಯಂತಿದ್ದ ಹೇಲೋ ಕೂಡ ಪ್ಲೇಸ್ಟೇಷನ್‌ಗೆ ಬರುತ್ತೆ ಅಂತ ಅದೇ ವರ್ಷ ಘೋಷಣೆಯಾಯಿತು.

ಹಾಗಂತ ಎಲ್ಲ ಸುಖವಾಯ್ತಾ? ಇಲ್ಲ. 2024ರ ಜನವರಿಯಲ್ಲಿ, ಖರೀದಿ ಮುಗಿದು ಮೂರೇ ತಿಂಗಳಲ್ಲಿ, ಮೈಕ್ರೋಸಾಫ್ಟ್ ತನ್ನ ಗೇಮಿಂಗ್ ವಿಭಾಗದಲ್ಲಿ 1,900 ಜನರನ್ನು ಕೆಲಸದಿಂದ ತೆಗೆಯಿತು. 2024ರ ಅಕ್ಟೋಬರ್‌ನಲ್ಲಿ ಕಾಲ್ ಆಫ್ ಡ್ಯೂಟಿಯ ಹೊಸ ಆಟ ಗೇಮ್ ಪಾಸ್ ಚಂದಾದಲ್ಲಿ ಮೊದಲ ದಿನವೇ ಬಂತು, ಎಲ್ಲರೂ ಖುಷಿಪಟ್ಟೆವು. ಆದರೆ ಗೇಮ್ ಪಾಸ್ ಅಲ್ಟಿಮೇಟ್‌ನ ದರ 2024ರಲ್ಲೊಮ್ಮೆ ಏರಿತ್ತು. 2025ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನಲ್ಲಿ ತಿಂಗಳಿಗೆ 14.99 ಪೌಂಡ್ ಇದ್ದದ್ದು 22.99 ಪೌಂಡ್ ಆಯಿತು. ಒಂದೇ ಏಟಿಗೆ ಅರ್ಧಕ್ಕಿಂತ ಹೆಚ್ಚು ಏರಿಕೆ. ಅವತ್ತು ನಮ್ಮ ಅಡುಗೆಮನೆಯಲ್ಲಿ ಎಕ್ಸ್‌ಬಾಕ್ಸ್ ಇದ್ದವಳು ಚಂದಾ ನಿಲ್ಲಿಸಿದಳು. ಎಂಟು ಪೌಂಡ್ ಅಂದರೆ ಟೂಟಿಂಗ್‌ಗೆ ಹೋಗಿ ಒಂದು ದೋಸೆ ತಿಂದು ಬರೋ ದುಡ್ಡು, ಪ್ರತಿ ತಿಂಗಳೂ.

ಈ ದರ ಏರಿಕೆಗೆ ಖರೀದಿಯೇ ಕಾರಣ ಅಂತ ಬರೆದರೆ ಅಂಕ ಹೋಗುತ್ತೆ. ಒಂದಾದ ಮೇಲೆ ಇನ್ನೊಂದು ನಡೆದ ಮಾತ್ರಕ್ಕೆ ಮೊದಲನೆಯದು ಕಾರಣ ಆಗಲ್ಲ. ಖರೀದಿ ಆಗದೇ ಇದ್ದಿದ್ದರೆ ದರ ಎಷ್ಟಿರ್ತಿತ್ತು ಅನ್ನೋದು ಸರಿಯಾದ ಹೋಲಿಕೆ. ಆದರೆ ಒಂದು ಮಾತು ಹೇಳಬಹುದು: ಎಲ್ಲರ ಕಣ್ಣು ಎಕ್ಸ್‌ಕ್ಲೂಸಿವ್ ಮೇಲಿತ್ತು, ಜೇಬಿಗೆ ಪೆಟ್ಟು ಬಿದ್ದದ್ದು ಚಂದಾ ಕಡೆಯಿಂದ.

ಈಗ ಬಿಯರ್ ಕಥೆಯ ಬಾಲ. 1989ರಲ್ಲಿ ಸಿಎಂಎಯ ಪೂರ್ವಜ ಎನ್ನಬಹುದಾದ ಮೊನೊಪೊಲಿಸ್ ಅಂಡ್ ಮರ್ಜರ್ಸ್ ಕಮಿಷನ್ ಬಿಯರ್ ಕಂಪನಿಗಳ 'ಟೈ' ಸ್ಪರ್ಧೆಗೆ ಹಾನಿ ಎಂದಿತು. 2,000ಕ್ಕಿಂತ ಹೆಚ್ಚು ಪಬ್ ಇದ್ದವರು ಹೆಚ್ಚುವರಿಯಲ್ಲಿ ಅರ್ಧವನ್ನು ಬಿಡುಗಡೆ ಮಾಡಬೇಕೆಂದು ಸರ್ಕಾರ ಆದೇಶಿಸಿತು. ಆ ಪಬ್‌ಗಳನ್ನು ಯಾರು ಕೊಂಡರು? ಬಿಯರ್ ತಯಾರಿಸದ, ಪಬ್ ಮಾತ್ರ ಇಟ್ಟುಕೊಂಡ ಹೊಸ ಕಂಪನಿಗಳು. ಅವು ಮತ್ತೆ ತಮ್ಮದೇ 'ಟೈ' ಹಾಕಿದವು. ಆದೇಶ 2003ರಲ್ಲಿ ರದ್ದಾಯಿತು. ನಿಯಂತ್ರಕರು ಒಂದು ಬಾಗಿಲು ತೆರೆದರೆ ವ್ಯಾಪಾರ ಇನ್ನೊಂದು ಬಾಗಿಲು ಹುಡುಕುತ್ತೆ. ಕಾನೂನು ಬೇಡ ಅಂತ ಇದರ ಅರ್ಥ ಅಲ್ಲ. ಪರಿಹಾರ ಕೊಟ್ಟ ಮೇಲೂ ಕಣ್ಣಿಟ್ಟಿರಬೇಕು ಅಂತ ಅರ್ಥ.

8. ನಮಗೂ ಇದಕ್ಕೂ ಏನು ಸಂಬಂಧ?

ಸ್ಪರ್ಧಾ ಕಾನೂನು ಕನ್ನಡಿಗರಿಗೆ ಹೊಸದೇನಲ್ಲ. ಕನ್ನಡಕ್ಕೆ ಡಬ್ಬಿಂಗ್ ಬೇಕೋ ಬೇಡವೋ ಅಂತ ಮನೆಮನೆಯಲ್ಲಿ ಜಗಳ ಆದದ್ದು ನೆನಪಿದೆಯಲ್ಲ? ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಡಬ್ಬಿಂಗ್ ತಡೆದ ಚಿತ್ರೋದ್ಯಮದ ಸಂಘಟನೆಗಳ ವಿರುದ್ಧ ಆದೇಶ ಕೊಟ್ಟಿತು. ಅದು ಖರೀದಿಯ ಪ್ರಕರಣ ಅಲ್ಲ, ಒಟ್ಟುಗೂಡಿ ತಡೆದ ಪ್ರಕರಣ. ಆದರೆ ಪ್ರಶ್ನೆ ಅದೇ: ನೋಡುವವರ, ಆಡುವವರ ಮುಂದಿನ ಬಾಗಿಲನ್ನು ಯಾರು ಮುಚ್ಚಬಹುದು?

ಖರೀದಿಗಳ ವಿಷಯದಲ್ಲಿ ಎರಡು ದೇಶಗಳ ವ್ಯತ್ಯಾಸ ಗಮನಿಸಿ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಸಿಎಂಎಗೆ ಮೊದಲೇ ತಿಳಿಸಬೇಕೆಂಬ ಕಡ್ಡಾಯ ಇಲ್ಲ, ಆದರೆ ಅದು ತಾನಾಗಿಯೇ ಕರೆದು ತನಿಖೆ ಮಾಡಬಹುದು. ಭಾರತದಲ್ಲಿ ಮಿತಿ ದಾಟಿದರೆ ತಿಳಿಸೋದು ಕಡ್ಡಾಯ, ಒಪ್ಪಿಗೆ ಸಿಗೋವರೆಗೂ ಕಾಯಬೇಕು. 2024ರ ಸೆಪ್ಟೆಂಬರ್ 10ರಿಂದ ವ್ಯವಹಾರದ ಮೌಲ್ಯವೇ 2,000 ಕೋಟಿ ರೂಪಾಯಿ ದಾಟಿ, ಆ ಕಂಪನಿಗೆ ಭಾರತದಲ್ಲಿ ಗಣನೀಯ ವಹಿವಾಟು ಇದ್ದರೂ ತಿಳಿಸಬೇಕು. ಬಳಕೆದಾರರು ಲಕ್ಷಗಟ್ಟಲೆ ಇದ್ದು ಆದಾಯ ಕಡಿಮೆ ಇರೋ ಡಿಜಿಟಲ್ ಕಂಪನಿಗಳು ಹಳೇ ಜರಡಿಯಲ್ಲಿ ಸೋರಿ ಹೋಗ್ತಿದ್ದವು, ಅದಕ್ಕೇ ಈ ಹೊಸ ಜರಡಿ.

ಇನ್ನೊಂದು ವಿಷಯ, ಗೇಮ್ ಡಿಸೈನ್ ಓದ್ತಿರೋ ಗೆಳೆಯರಿಗೆ. ಬೆಂಗಳೂರಿನ ಧ್ರುವ ಇಂಟರಾಕ್ಟಿವ್ 1997ರಲ್ಲಿ ಶುರುವಾದ, ಭಾರತದ ಮೊದಮೊದಲ ಗೇಮ್ ಕಂಪನಿಗಳಲ್ಲೊಂದು. 2019ರಲ್ಲಿ ಅದನ್ನು ರಾಕ್‌ಸ್ಟಾರ್ 79 ಲಕ್ಷ ಡಾಲರಿಗೆ ಕೊಂಡಿತು. ಇಷ್ಟು ಸಣ್ಣ ಖರೀದಿ ಜಗತ್ತಿನ ಸುದ್ದಿಯಾಗಲ್ಲ. ಆದರೆ ನಾಳೆ ನಾವು ಅರ್ಜಿ ಹಾಕೋದು ಇಂಥ ಸ್ಟುಡಿಯೋಗಳಿಗೇ. ಕೆಲಸ ಕೊಡುವವರ ಸಂಖ್ಯೆ ಕಮ್ಮಿಯಾದರೆ ಸಂಬಳ ಕೇಳುವ ನಮ್ಮ ಧ್ವನಿಯೂ ಕಮ್ಮಿಯಾಗುತ್ತೆ. ಮೈಕ್ರೋಸಾಫ್ಟ್ ಪ್ರಕರಣದ ಚರ್ಚೆಯಲ್ಲಿ ಆಡುವವರ ಬಗ್ಗೆ ನೂರು ಪುಟ ಇದ್ದರೆ ಆಟ ಮಾಡುವವರ ಬಗ್ಗೆ ಕೆಲವೇ ಸಾಲು. ಡಿಸರ್ಟೇಷನ್ ವಿಷಯ ಹುಡುಕ್ತಿರೋರು ಇಲ್ಲಿ ನೋಡಿ.

9. ಅಭ್ಯಾಸಕ್ಕೆ

ಒಂದು: ಮೇಲಿನ ಕಾಲ್ಪನಿಕ ಲೆಕ್ಕದಲ್ಲಿ ಹೋದವರು ತರುವ ಹೆಚ್ಚುವರಿ ಲಾಭ 100ರ ಬದಲು 200 ಪೌಂಡ್ ಆದರೆ ಗಡಿ ಎಷ್ಟಕ್ಕೆ ಇಳಿಯುತ್ತೆ?

ಎರಡು: 2025ರ ಸೆಪ್ಟೆಂಬರ್‌ನಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯನ್ನು ಸೌದಿಯ ಸಾರ್ವಜನಿಕ ಹೂಡಿಕೆ ನಿಧಿ ಮತ್ತು ಇತರ ಹೂಡಿಕೆದಾರರು 55 ಶತಕೋಟಿ ಡಾಲರಿಗೆ ಕೊಳ್ಳುವುದಾಗಿ ಘೋಷಣೆಯಾಯಿತು. ಕೊಳ್ಳುವವರ ಬಳಿ ಸ್ವಂತ ಕನ್ಸೋಲ್ ಇಲ್ಲ. ಹಾಗಾದರೆ ಮೂರು ಮೆಟ್ಟಿಲುಗಳಲ್ಲಿ ಯಾವುದು ಮೊದಲು ಕುಸಿಯುತ್ತೆ? ಬೇರೆ ಯಾವ ಪ್ರಶ್ನೆ ಹುಟ್ಟುತ್ತೆ?

ಮೂರು: ನೀವೇ ಸಿಎಂಎ ಆಗಿದ್ದರೆ 2023ರಲ್ಲಿ ಬ್ರಸೆಲ್ಸ್‌ನ ಔಷಧಿ ಒಪ್ಪುತ್ತಿದ್ದಿರಾ? 'ಹೌದು' ಅಂದರೂ 'ಇಲ್ಲ' ಅಂದರೂ ಎದುರು ಪಕ್ಷದ ಅತ್ಯಂತ ಗಟ್ಟಿ ವಾದವನ್ನು ಮೊದಲು ಬರೆಯಿರಿ.

ಮೊದಲ ಪ್ರಶ್ನೆಗೆ ಉತ್ತರ ಇಲ್ಲೇ ಕೊಡ್ತೀನಿ: 100ರಲ್ಲಿ 20 ಜನ. 20 ಜನ ಹೋದರೆ ಲಾಭ 4,000, ಉಳಿದ 80 ಜನರಿಂದ ನಷ್ಟ 4,000, ಸರಿಸಮ. ಉಳಿದೆರಡಕ್ಕೆ ಒಂದೇ ಸರಿ ಉತ್ತರ ಇಲ್ಲ. ಬಳಗದ ಮುಂದಿನ ಓದು ಕೂಟದಲ್ಲಿ ಅದರ ಬಗ್ಗೆಯೇ ಜಗಳ ಆಡೋಣ.

ಅಂದ ಹಾಗೆ, ಭಾನುವಾರದ ಪ್ರಶ್ನೆ. ಪ್ಲೇಸ್ಟೇಷನ್ನು, ಎಕ್ಸ್‌ಬಾಕ್ಸು, ನನ್ನ ಲ್ಯಾಪ್‌ಟಾಪು ಮೂರೂ ಸೇರಿ ಕಾಲ್ ಆಫ್ ಡ್ಯೂಟಿ ಆಡ್ತೀವಿ. ತಮ್ಮ ಮಾತ್ರ ಫೋನಿನ ಆವೃತ್ತಿಯಲ್ಲಿ ಬೇರೆಯಾಗಿಯೇ ಆಡ್ತಾನೆ, ನಮ್ಮ ಜೊತೆ ಸೇರೋಕಾಗಲ್ಲ. ಅವನ ಫೋನಿಗೂ ಇದೇ ಆಟ ಕಡಿಮೆ ದುಡ್ಡಿಗೆ ಬರಬೇಕಾದರೆ ಅದು ಕ್ಲೌಡ್ ದಾರಿಯಲ್ಲೇ ಬರಬೇಕು. ಆ ದಾರಿಯಲ್ಲಿ ಸುಂಕದ ಕಟ್ಟೆ ಒಬ್ಬರದ್ದೇ ಇರುತ್ತಾ, ನಾಲ್ಕು ಜನರದ್ದಿರುತ್ತಾ ಅನ್ನೋದು ಅವನಿಗೆ ಗೊತ್ತಿಲ್ಲ. ಅವನು ಕೇಳೋದು ಇಷ್ಟೇ: "ಅಣ್ಣ, ನಾನು ಯಾವಾಗ ಸೇರ್ಕೊಳ್ಳಲಿ?"